ನಾನು ಫ್ಲಾಶ್ ಕೊಂಡ ಕಥೆ

ಅಕ್ಕನ ಮದುವೆಯ ಫೋಟೊಗಳನ್ನು ನಮ್ಮ ಮನೆಯಲ್ಲಿ ಯಾರೂ ಜಾಸ್ತಿ ತೆಗೆದು ನೋಡುವುದಿಲ್ಲ. ಅದಕ್ಕೆ ಕಾರಣ ನಾನು.

ಗಂಡಸರ ಕಡೆಯ ಫೋಟೊಗಳನ್ನು ದುಡ್ಡು ಕೊಟ್ಟು ಕರೆಸಿದ ಸ್ಟುಡಿಯೊದವರು ತೆಗೆದಿದ್ದರು. ಅವು ಚೆನ್ನಾಗಿಯೇ ಇವೆ. ಹೆಂಗಸರ ಕಡೆಗೆ ಹೊರಗಿನವರು ಬರುವುದು ಬೇಡ ಎಂದು ಮೊದಲೇ ತೀರ್ಮಾನವಾಗಿತ್ತು. ಮಾವ ಗಲ್ಫಿನಿಂದ ಬರುವಾಗ ತಂದಿದ್ದ ಡಿಎಸ್‌ಎಲ್‌ಆರ್ ಕ್ಯಾಮರಾ ಮನೆಯ ಕಪಾಟಿನಲ್ಲಿತ್ತು. ನಾನಾಗ ಹತ್ತನೇ ತರಗತಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಎರಡು ಫೋಟೊ ತೆಗೆದು ಎಲ್ಲರಿಂದ ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ‘ಇವಳೇ ತೆಗೆಯಲಿ’ ಅಂದರು. ನಾನೂ ಧೈರ್ಯದಿಂದ ಒಪ್ಪಿಕೊಂಡೆ.

ಆ ದಿನ ಸುಮಾರು ನಾನೂರು ಫೋಟೊ ತೆಗೆದಿದ್ದೆ. ಕ್ಯಾಮರಾದ ತಲೆಯ ಮೇಲೆ ತಾನಾಗಿಯೇ ಎದ್ದು ನಿಲ್ಲುವ ಪುಟ್ಟ ಫ್ಲಾಶ್ ಪ್ರತಿ ಸಲವೂ ಚಕ್ಕೆಂದು ಹೊಡೆಯುತ್ತಿತ್ತು. ರಾತ್ರಿ ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ಮುಂದಿನ ಸಾಲಿನ ಚಿಕ್ಕಮ್ಮಂದಿರ ಮುಖವೆಲ್ಲ ಸುಣ್ಣ ಬಳಿದ ಹಾಗೆ. ಅವರ ಹಿಂದೆ ಗೋಡೆಯ ಮೇಲೆ ಕಪ್ಪು ನೆರಳು. ಅದಕ್ಕಿಂತ ಹಿಂದೆ ಏನೂ ಇಲ್ಲ, ಕತ್ತಲೆ. ಅಕ್ಕನ ಕಣ್ಣು ಕೆಂಪು. ಉಪ್ಪ ಜುಬೈಲಿನಲ್ಲಿದ್ದರು. ರಜೆ ಸಿಗಲಿಲ್ಲ, ಮಗಳ ಮದುವೆಗೆ ಬರಲಾಗಲಿಲ್ಲ. ಮಾರನೇ ದಿನ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನೋಡಿ, ‘ಚೆನ್ನಾಗಿದೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಅಜ್ಜಿ ಬಂದಿರಲಿಲ್ಲವಾ?’

ಅಜ್ಜಿ ಬಂದಿದ್ದರು. ಉಪ್ಪ ಕೇಳಿದ ಅದೇ ಫೋಟೊದಲ್ಲಿ, ಹಿಂದಿನ ಸಾಲಿನಲ್ಲಿ, ಕುರ್ಚಿಯ ಮೇಲೆ ಕುಳಿತಿದ್ದರು. ಆ ಕತ್ತಲೆಯೊಳಗೆ ಅವರ ಕಿವಿಯ ಅಲಿಕತ್ತ್ ಮಾತ್ರ ಒಂದು ಚುಕ್ಕೆಯಷ್ಟು ಹೊಳೆಯುತ್ತಿತ್ತು. ಇದು ಅಜ್ಜಿ ಎಂದು ಬೆರಳಿಟ್ಟು ತೋರಿಸಿ ಉಪ್ಪನಿಗೆ ವಾಪಸ್ ಕಳಿಸಬೇಕಾಯಿತು.

ಈ ವರ್ಷ ಮಡಂತ್ಯಾರಿನ ಚಿಕ್ಕಮ್ಮ ಫೋನ್ ಮಾಡಿ ತಮ್ಮ ಮಗಳ ಮದುವೆಗೂ ಹೆಂಗಸರ ಕಡೆಯ ಫೋಟೊ ನಾನೇ ತೆಗೆಯಬೇಕು ಎಂದಾಗ ನನಗೆ ಹೊಟ್ಟೆಯೊಳಗೆ ಏನೋ ಆಯಿತು. ಚಿಕ್ಕಮ್ಮನಿಗೆ ಅಕ್ಕನ ಮದುವೆಯ ಫೋಟೊ ನೆನಪಿಲ್ಲವೋ, ಅಥವಾ ಬೇರೆ ಯಾರೂ ಸಿಗಲಿಲ್ಲವೋ. ಕೇಳುವ ಧೈರ್ಯ ಬರಲಿಲ್ಲ. ಪೆರ್ನಾಲಿಗೆ ಸಿಕ್ಕಿದ ದುಡ್ಡು, ಪಕ್ಕದ ಮನೆಯ ಮಕ್ಕಳಿಗೆ ಟ್ಯೂಷನ್ ಹೇಳಿಕೊಟ್ಟ ದುಡ್ಡು, ಎಲ್ಲ ಸೇರಿಸಿ ನನ್ನಲ್ಲಿ ಆರು ಸಾವಿರದ ಆಸುಪಾಸು ಇತ್ತು. ಒಂದು ಒಳ್ಳೆಯ ಫ್ಲಾಶ್ ಕೊಳ್ಳುವುದು ಎಂದು ತೀರ್ಮಾನ ಮಾಡಿದೆ. ಕ್ಯಾಮರಾ ಕಂಪನಿಗಳದೇ ಫ್ಲಾಶ್ ಎಂದರೆ ಅದರ ಮೂರು ನಾಲ್ಕು ಪಟ್ಟು ಬೆಲೆ. ಅದಕ್ಕೆ ಉಮ್ಮ ಎಷ್ಟು ಸಾವಿರ ಬೀಡಿ ಕಟ್ಟಬೇಕು ಎಂದು ಒಮ್ಮೆ ಲೆಕ್ಕ ಹಾಕಲು ಕುಳಿತೆ. ಲೆಕ್ಕ ಮುಗಿಸಲಿಲ್ಲ.

ಮೊದಲ ತಪ್ಪು ಮಾಡಿದ್ದು ಸಂಖ್ಯೆ ನೋಡಿ. ಎಲ್ಲ ಫ್ಲಾಶಿನ ಡಬ್ಬಿಯ ಮೇಲೂ ‘ಗೈಡ್ ನಂಬರ್’ ಅಂತ ಒಂದು ಇರುತ್ತದೆ. ಜಾಸ್ತಿ ಇದ್ದಷ್ಟು ಒಳ್ಳೆಯದು ಎಂದುಕೊಂಡೆ, ಪರೀಕ್ಷೆಯ ಅಂಕದ ಹಾಗೆ. ನಿಕಾನ್ ಎಸ್‌ಬಿ-700ಕ್ಕೆ 28, ಕ್ಯಾನನ್ 430ಇಎಕ್ಸ್‌ನ ಮೂರನೇ ಆವೃತ್ತಿಗೆ 43, ಅವೆರಡಕ್ಕಿಂತ ಎಷ್ಟೋ ಅಗ್ಗದ ಗೊಡಾಕ್ಸ್ ಟಿಟಿ600ಕ್ಕೆ 60. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಜಾಸ್ತಿ ಸಿಗುವಾಗ ಜನ ಯಾಕೆ ದುಬಾರಿಯದನ್ನು ಕೊಳ್ಳುತ್ತಾರೆ ಎಂದು ನನಗೆ ನಗು ಬಂದಿತ್ತು. ಆಮೇಲೆ ಗೊತ್ತಾಯಿತು, 28 ಎಂದದ್ದು ಫ್ಲಾಶಿನ ತಲೆ 35 ಮಿ.ಮೀ. ಲೆನ್ಸಿಗೆ ಬೇಕಾದಷ್ಟು ಅಗಲಕ್ಕೆ ಬೆಳಕು ಹರಡಿದಾಗ. 43 ಎಂದದ್ದು 105ಕ್ಕೆ. 60 ಎಂದದ್ದು 200ಕ್ಕೆ, ಟಾರ್ಚಿನ ಹಾಗೆ ಬೆಳಕನ್ನು ಒಂದೇ ಕಡೆಗೆ ಒಟ್ಟು ಮಾಡಿದಾಗ. ಮೂವರು ಹುಡುಗಿಯರ ಎತ್ತರವನ್ನು ಒಬ್ಬಳನ್ನು ನೆಲದಲ್ಲಿ, ಒಬ್ಬಳನ್ನು ಬೆಂಚಿನಲ್ಲಿ, ಒಬ್ಬಳನ್ನು ಮೇಜಿನ ಮೇಲೆ ನಿಲ್ಲಿಸಿ ಅಳೆದ ಹಾಗೆ.

ಆ ಸಂಖ್ಯೆಯ ಅರ್ಥ ತಿಳಿದರೆ ಅದು ಬಹಳ ಉಪಯೋಗದ ವಸ್ತು. ಗೈಡ್ ನಂಬರನ್ನು ಲೆನ್ಸಿನ ಎಫ್ ಸಂಖ್ಯೆಯಿಂದ ಭಾಗಿಸಿದರೆ, ಐಎಸ್‌ಒ 100ರಲ್ಲಿ ಬೆಳಕು ಎಷ್ಟು ಮೀಟರಿಗೆ ಸರಿಯಾಗಿ ಮುಟ್ಟುತ್ತದೆ ಎಂದು ಬರುತ್ತದೆ. ಕ್ಯಾಮರಾದಲ್ಲೇ ಇರುವ ಪುಟ್ಟ ಫ್ಲಾಶಿಗೆ ಸುಮಾರು 10. ನಮ್ಮ ಲೆನ್ಸನ್ನು ಪೂರ್ತಿ ಎಳೆದರೆ ಎಫ್ 5.6. ಹತ್ತನ್ನು 5.6ರಿಂದ ಭಾಗಿಸಿದರೆ 1.8 ಮೀಟರ್! ಐಎಸ್‌ಒ 400 ಮಾಡಿದರೆ ಅದರ ಎರಡು ಪಟ್ಟು, 3.6 ಮೀಟರ್. ಚಿಕ್ಕಮ್ಮಂದಿರು ಎರಡು ಮೀಟರ್ ದೂರದಲ್ಲಿದ್ದರು, ಅಜ್ಜಿ ಆರು ಮೀಟರ್. ಮೂರು ಪಟ್ಟು ದೂರ ಎಂದರೆ ಒಂಬತ್ತನೇ ಒಂದು ಪಾಲು ಬೆಳಕು. ದೂರದ ವರ್ಗಕ್ಕೆ ವಿಲೋಮ ಎಂದು ನಾವು ಕೂಲಂಬನ ನಿಯಮದಲ್ಲಿ ಬಾಯಿಪಾಠ ಮಾಡಿದ ಮಾತು ಬೆಳಕಿಗೂ ಸಲ್ಲುತ್ತದೆ. ಅದೇ ನಮ್ಮ ಅಜ್ಜಿಯನ್ನು ಫೋಟೊದಿಂದ ಅಳಿಸಿ ಹಾಕಿತ್ತು.

ಆದರೆ ಇದೆಲ್ಲ ತಿಳಿದದ್ದು ಆಮೇಲೆ. ಮೊದಲು ನಾನು ಮಾಡಿದ್ದು ಏನೆಂದರೆ, ದೊಡ್ಡ ಸಂಖ್ಯೆಯ, ಕಡಿಮೆ ಬೆಲೆಯ ಒಂದು ಫ್ಲಾಶನ್ನು ಆನ್‌ಲೈನಿನಲ್ಲಿ ತರಿಸಿದ್ದು. ಡಬ್ಬಿ ಬಿಚ್ಚಿ, ನಾಲ್ಕು ಬ್ಯಾಟರಿ ಹಾಕಿ, ಕ್ಯಾಮರಾದ ಮೇಲೆ ಸಿಕ್ಕಿಸಿ ಒತ್ತಿದೆ. ಏನೂ ಆಗಲಿಲ್ಲ. ಫ್ಲಾಶಿನ ಹಿಂದಿನ ಗುಂಡಿ ಒತ್ತಿದರೆ ಮಿಂಚುತ್ತದೆ, ಕ್ಯಾಮರಾದ ಗುಂಡಿಗೆ ಮಾತ್ರ ಮಿಂಚುವುದಿಲ್ಲ. ಬ್ಯಾಟರಿ ಬದಲಿಸಿದೆ, ಉಜ್ಜಿದೆ, ಊದಿದೆ. ತಮ್ಮ ‘ಬಿಸ್ಮಿ ಹೇಳಿ ಒತ್ತು’ ಅಂದ. ಹೇಳಿಯೇ ಒತ್ತಿದ್ದೆ. ಕೊನೆಗೆ ಕ್ಯಾಮರಾದ ತಲೆಯ ಮೇಲಿನ ಆ ಲೋಹದ ಹಳಿಯನ್ನು ಸರಿಯಾಗಿ ನೋಡಿದೆ. ಅದಕ್ಕೆ ಹಾಟ್ ಶೂ ಅನ್ನುತ್ತಾರೆ. ಚಿತ್ರಗಳಲ್ಲಿ ಅದರ ನಟ್ಟನಡುವೆ ಒಂದು ದೊಡ್ಡ ಲೋಹದ ಚುಕ್ಕೆ ಇರುತ್ತದೆ. ನಮ್ಮ ಕ್ಯಾಮರಾದಲ್ಲಿ ಸುತ್ತಲಿನ ಸಣ್ಣ ಚುಕ್ಕೆಗಳಿವೆ, ನಡುವಿನದು ಇಲ್ಲ. ಕಡಿಮೆ ಬೆಲೆಯ ಕೆಲವು ಹೊಸ ಮಾದರಿಗಳಲ್ಲಿ ಅದನ್ನು ಕೊಟ್ಟೇ ಇಲ್ಲವಂತೆ. ಅಗ್ಗದ ಮ್ಯಾನ್ಯುಯಲ್ ಫ್ಲಾಶ್‌ಗಳಿಗೆ ಕಾಲಿನ ಕೆಳಗೆ ಇರುವುದು ಆ ಒಂದೇ ನಡುವಿನ ಪಿನ್. ಹೊಡೆ ಎಂದು ಹೇಳುವ ಬಾಯಿ ಇಲ್ಲಿಲ್ಲ, ಅದು ಹೇಗೆ ಕೇಳಿಸಿಕೊಳ್ಳಬೇಕು?

ಆದ್ದರಿಂದ ಯಾರಾದರೂ ಕೊಳ್ಳುವುದಿದ್ದರೆ ಡಬ್ಬಿಯ ಮೇಲಿನ ಸಂಖ್ಯೆಗಿಂತ ಮೊದಲು ನಿಮ್ಮ ಕ್ಯಾಮರಾದ ತಲೆಯನ್ನು ನೋಡಿ. ಫ್ಲಾಶ್ ವಾಪಸ್ ಹೋಯಿತು, ದುಡ್ಡು ಬರಲು ಹನ್ನೊಂದು ದಿನ ಹಿಡಿಯಿತು. ಮದುವೆಗೆ ಹದಿನಾರು ದಿನ ಉಳಿದಿತ್ತು.

ಈ ನಡುವೆ ತರಗತಿಯಲ್ಲಿ ಕೆಪಾಸಿಟರ್ ಪಾಠ ನಡೆಯುತ್ತಿತ್ತು. ಶೇಖರವಾಗುವ ಶಕ್ತಿ ಅರ್ಧ ಸಿ ವಿ ವರ್ಗ ಎಂದು ಮೇಡಂ ಬೋರ್ಡಿನಲ್ಲಿ ಬರೆದರು. ನಾನು ಎದ್ದು ನಿಂತು ಫ್ಲಾಶಿನ ಒಳಗೆ ಇರುವುದೂ ಇದೇನಾ ಎಂದು ಕೇಳಿದೆ. ಮೇಡಂಗೆ ಖುಷಿಯಾಯಿತು. ಉಳಿದ ಇಪ್ಪತ್ತು ನಿಮಿಷ ಅದರ ಲೆಕ್ಕವೇ ಆಯಿತು. 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರನ್ನು 300 ವೋಲ್ಟಿಗೆ ತುಂಬಿಸಿದರೆ 45 ಜೂಲ್. ಎಷ್ಟು ಸಣ್ಣದು ನೋಡಿ! ನಮ್ಮ ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಐದು ಸೆಕೆಂಡಿನಲ್ಲಿ ನುಂಗುವಷ್ಟು. ಆದರೆ ಫ್ಲಾಶ್ ಅದನ್ನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಸುರಿದುಬಿಡುತ್ತದೆ. ಆ ಕ್ಷಣಕ್ಕೆ 45,000 ವ್ಯಾಟ್, ಎಂದರೆ ಅಂಥ 5000 ಬಲ್ಬು ಒಟ್ಟಿಗೆ ಹೊತ್ತಿಸಿದ ಹಾಗೆ. 1930ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿದ್ದ ಹೆರಾಲ್ಡ್ ಎಡ್ಗರ್ಟನ್ ಎಂಬ ಪ್ರಾಧ್ಯಾಪಕರು ಹೀಗೆ ಗ್ಯಾಸ್ ತುಂಬಿದ ಗಾಜಿನ ಕೊಳವೆಯಲ್ಲಿ ಮಿಂಚು ಹಾಯಿಸಿ, ಬೀಳುವ ಹಾಲಿನ ಹನಿ ಕಿರೀಟದಂತೆ ಚಿಮ್ಮುವುದನ್ನು ಫೋಟೊ ತೆಗೆದರು. ಅದಕ್ಕಿಂತ ಮುಂಚೆ ಮೆಗ್ನೀಷಿಯಂ ಪುಡಿಗೆ ಬೆಂಕಿ ಕೊಟ್ಟು ಫೋಟೊ ತೆಗೆಯುತ್ತಿದ್ದರು, ಹೊಗೆಯ ಜೊತೆಗೆ.

ಒಂದು ಎಚ್ಚರಿಕೆ ಮೇಡಂ ಹೇಳಿದ್ದನ್ನು ಇಲ್ಲಿ ಬರೆಯಲೇಬೇಕು. ಹಾಳಾದ ಫ್ಲಾಶ್ ಸಿಕ್ಕಿದರೆ ಒಳಗೆ ಏನಿದೆ ನೋಡುವಾ ಎಂದು ಸ್ಕ್ರೂ ಬಿಚ್ಚಬೇಡಿ. ಬ್ಯಾಟರಿ ತೆಗೆದ ಮೇಲೂ ಆ 300 ವೋಲ್ಟ್ ಒಳಗೆ ಕುಳಿತಿರಬಹುದು.

ಬ್ಯಾಟರಿಯದೂ ಒಂದು ಪಾಠ. ಅಂಗಡಿಯ ಸಾದಾ ಸೆಲ್ 1.5 ವೋಲ್ಟ್, ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟ್. ಹಾಗಾದರೆ ಸಾದಾ ಸೆಲ್ಲೇ ಮೇಲಲ್ಲವೇ ಎಂದರೆ ಅಲ್ಲ. ನಿಕಲ್ ಸೆಲ್ಲಿನ ಆಂತರಿಕ ರೋಧ ಕಡಿಮೆ, ಕೆಪಾಸಿಟರನ್ನು ಬೇಗ ತುಂಬಿಸುತ್ತದೆ. ಸಾದಾ ಸೆಲ್ಲಿನಲ್ಲಿ ಪ್ರತಿ ಮಿಂಚಿನ ನಂತರ ಕಾಯುತ್ತಾ ನಿಂತರೆ ಅಷ್ಟರಲ್ಲಿ ಮದುಮಗಳು ನಕ್ಕು ಮುಗಿಸಿರುತ್ತಾಳೆ.

ದುಡ್ಡು ವಾಪಸ್ ಬಂದ ಭಾನುವಾರ ತಮ್ಮನನ್ನು ಕರೆದುಕೊಂಡು ಮೂಡುಬಿದಿರೆಗೆ ಹೋದೆ. ಬಂಟ್ವಾಳದಿಂದ ಸಿದ್ದಕಟ್ಟೆ ದಾರಿಯ ಬಸ್ಸು. ಅಲ್ಲಿ ಮಾವನ ಪರಿಚಯದ ಒಬ್ಬರು ಹಿರಿಯರ ಸ್ಟುಡಿಯೊ ಇದೆ, ಉಪಯೋಗಿಸಿದ ಸಾಮಾನನ್ನು ನೋಡಿ ಕೊಡುತ್ತಾರೆ ಎಂದು ಮಾವ ಹೇಳಿದ್ದರು. ಹೋಗಿ ನಿಂತ ಕೂಡಲೇ ತುಳುವಿನಲ್ಲಿ, ‘ಬಲೆ, ಕುಲ್ಲುಲೆ’ ಅಂದರು. ಏನು ಬೇಕು ಎಂದು ಕೇಳಿದರು. ಜಾಸ್ತಿ ಪವರ್ ಇರುವ ಫ್ಲಾಶ್ ಅಂದೆ.

‘ಯಾಕೆ, ಕಂಬಳದ ಕೋಣ ಹಿಡಿಯಲಿಕ್ಕಾ?’

ತಮ್ಮನಿಗೆ ಜೋರು ನಗು. ಆದರೆ ಅವರು ತಮಾಷೆಗೆ ಮಾತ್ರ ಹೇಳಿದ್ದಲ್ಲ. ಒಂದು ಹಾಳೆ ತೆಗೆದು ಲೆಕ್ಕ ತೋರಿಸಿದರು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಪತ್ರಿಕೆಗಳಲ್ಲೆಲ್ಲ ಬಂದಿತ್ತಲ್ಲ? ಅಂದರೆ ಸೆಕೆಂಡಿಗೆ ಹತ್ತೂವರೆ ಮೀಟರ್. ಶಟರ್ ಸೆಕೆಂಡಿನ 200ರ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಅವರು ಐದು ಸೆಂಟಿಮೀಟರ್ ಮುಂದೆ ಹೋಗಿರುತ್ತಾರೆ, ಫೋಟೊ ಕಲಸಿಹೋಗುತ್ತದೆ. ಫ್ಲಾಶಿನ ಬೆಳಕು ಸಾವಿರದ ಒಂದು ಪಾಲು ಮಾತ್ರ ಇರುವುದರಿಂದ ಅದು ಒಂದು ಸೆಂಟಿಮೀಟರಿಗೆ ನಿಲ್ಲಿಸುತ್ತದೆ. ‘ಆದರೆ ಕರೆಯ ಆ ತುದಿಯಲ್ಲಿ ಇರುವ ಕೋಣಕ್ಕೆ ನಿನ್ನ ಯಾವ ಫ್ಲಾಶೂ ಮುಟ್ಟುವುದಿಲ್ಲ. ಹತ್ತಿರ ಬಂದಾಗ ಹೊಡೆದರೆ ಕೋಣ ಬೆದರುತ್ತದೆ. ಅಲ್ಲಿ ದೊಡ್ಡ ಲೈಟ್ ಹಾಕಿರುತ್ತಾರೆ, ಫ್ಲಾಶೇ ಬೇಡ’ ಎಂದರು. ಆಮೇಲೆ ಕೇಳಿದರು, ‘ನೀನು ಯಾರನ್ನು ತೆಗೆಯುವುದು? ಎಲ್ಲಿ ತೆಗೆಯುವುದು? ಮಾಡು ಯಾವುದು?’

ಮಾಡು ಯಾವುದು ಎಂಬ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಅವರು ಒಂದು ಫ್ಲಾಶನ್ನು ನಮ್ಮ ಕ್ಯಾಮರಾಕ್ಕೆ ಸಿಕ್ಕಿಸಿ ತಮ್ಮನನ್ನು ನೇರವಾಗಿ ಹೊಡೆದರು. ಅಕ್ಕನ ಮದುವೆಯ ಫೋಟೊವೇ ಬಂತು, ಸುಣ್ಣದ ಮುಖ, ಹಿಂದೆ ಕಪ್ಪು ನೆರಳು. ಆಮೇಲೆ ಫ್ಲಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿ, ಬಿಳಿಯ ಸೀಲಿಂಗಿಗೆ ಹೊಡೆದರು. ಬೆಳಕು ಮೇಲೆ ಹೋಗಿ, ಅಗಲವಾಗಿ ಹರಡಿ, ಮೆಲ್ಲನೆ ಇಳಿದು ಬಂತು. ತಮ್ಮನ ಮುಖ ತಮ್ಮನದೇ ಬಣ್ಣದಲ್ಲಿತ್ತು. ಹಿಂದೆ ಇದ್ದ ಗಡಿಯಾರವೂ ಕಾಣುತ್ತಿತ್ತು. ಮೂರನೇ ಸಲ ತಲೆಯನ್ನು ಪಕ್ಕದ ಗೋಡೆಗೆ ತಿರುಗಿಸಿದರು. ಕಿಟಕಿಯ ಪಕ್ಕ ಕುಳಿತ ಹಾಗೆ ಬಂತು. ಎಲ್ಲದಕ್ಕೂ ಅದೇ ಫ್ಲಾಶ್, ಅದೇ ಕ್ಯಾಮರಾ!

‘ಪವರ್ ಅಲ್ಲ, ಕುತ್ತಿಗೆ ನೋಡು’ ಅಂದರು. ಮೇಲಕ್ಕೆ ಮಾತ್ರ ತಿರುಗುವುದು ಸಾಲದು, ಎರಡೂ ಪಕ್ಕಕ್ಕೆ, ಹಿಂದಕ್ಕೂ ತಿರುಗಬೇಕು. ಕ್ಯಾಮರಾವನ್ನು ಅಡ್ಡ ಹಿಡಿದಾಗ ಮೇಲೆ ಎನ್ನುವುದು ಪಕ್ಕ ಆಗಿಬಿಡುತ್ತದಲ್ಲ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಅವರ ಕಪಾಟಿನಲ್ಲಿ ಫಿಲ್ಮ್ ಕಾಲದ ಒಂದು ಭಾರೀ ಫ್ಲಾಶ್ ಇತ್ತು. ಅದನ್ನು ಬಿಟ್ಟಿಯೇ ಕೊಡುತ್ತಾರೋ ಎಂದು ನಾನು ಆಸೆಯಿಂದ ನೋಡುತ್ತಿದ್ದೆ. ಅವರು ಅದಕ್ಕೆ ಬ್ಯಾಟರಿ ಹಾಕಿ, ಕಾಲಿನ ನಡುವಿನ ಪಿನ್ನಿಗೂ ಪಕ್ಕದ ಹಳಿಗೂ ಮಲ್ಟಿಮೀಟರ್ ಇಟ್ಟರು. ಮುಳ್ಳು 170 ವೋಲ್ಟ್ ದಾಟಿತು. ಹಳೆಯ ಕೆಲವು ಫ್ಲಾಶ್‌ಗಳಲ್ಲಿ 200ಕ್ಕಿಂತ ಮೇಲೂ ಇರುತ್ತದಂತೆ. ಫಿಲ್ಮ್ ಕ್ಯಾಮರಾದ ಲೋಹದ ಸ್ವಿಚ್ಚಿಗೆ ಅದು ಲೆಕ್ಕಕ್ಕಿಲ್ಲ, ಡಿಜಿಟಲ್ ಕ್ಯಾಮರಾದ ಸಣ್ಣ ಸರ್ಕ್ಯೂಟ್ ಅದನ್ನು ತಡೆಯಲಾರದೆ ಸುಟ್ಟೇ ಹೋಗಬಹುದು. ಮನೆಯಲ್ಲಿ ಅಜ್ಜನ ಕಾಲದ ಫ್ಲಾಶ್ ಇದ್ದವರು ನೆನಪಿಟ್ಟುಕೊಳ್ಳಿ.

ಕೊನೆಗೆ ಕೊಂಡದ್ದು ಅವರ ಬಳಿ ಇದ್ದ, ಎರಡು ವರ್ಷ ಉಪಯೋಗಿಸಿದ, ನಮ್ಮ ಕ್ಯಾಮರಾದ ಸುತ್ತಲಿನ ಸಣ್ಣ ಪಿನ್ನುಗಳ ಮೂಲಕವೇ ಮಾತಾಡಬಲ್ಲ ಟಿಟಿಎಲ್ ಫ್ಲಾಶ್. ಟಿಟಿಎಲ್ ಎಂದರೆ ಫ್ಲಾಶ್ ಮೊದಲು ಒಂದು ಸಣ್ಣ ಮಿಂಚು ಹೊಡೆಯುತ್ತದೆ, ಲೆನ್ಸಿನ ಮೂಲಕ ವಾಪಸ್ ಬಂದ ಬೆಳಕನ್ನು ಕ್ಯಾಮರಾ ಅಳೆದು, ಇಷ್ಟು ಸಾಕು ಎಂದು ತೀರ್ಮಾನಿಸಿ, ನಿಜವಾದ ಮಿಂಚು ಹೊಡೆಸುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ನಾಲ್ಕು ನಿಕಲ್ ಸೆಲ್ಲೂ ಚಾರ್ಜರೂ ಸೇರಿ ನನ್ನ ದುಡ್ಡು ಮುಗಿದು, ಬಸ್ಸಿನ ಚಾರ್ಜು ತಮ್ಮ ಕೊಟ್ಟ. ಇವತ್ತಿಗೂ ಕೇಳುತ್ತಾನೆ.

ಹೊರಡುವ ಮುಂಚೆ ಅವರು ಒಂದು ಪ್ರಶ್ನೆ ಕೇಳಿದರು. ‘ಮೊದಲಿನ ಫೋಟೊದಲ್ಲಿ ಮುಂದೆ ಕುಳಿತವರು ಕಪ್ಪು ಬಟ್ಟೆ ಹಾಕಿದ್ದರಾ?’ ಹೌದು, ಚಿಕ್ಕಮ್ಮಂದಿರೆಲ್ಲ ಬುರ್ಖಾದಲ್ಲಿದ್ದರು. ಕ್ಯಾಮರಾಕ್ಕೆ ಅದು ಬಟ್ಟೆ ಎಂದು ಗೊತ್ತಾಗುವುದಿಲ್ಲ. ಎದುರು ಇಷ್ಟೊಂದು ಕಪ್ಪು ಕಂಡರೆ, ಕತ್ತಲೆ ಇದೆ, ಇನ್ನೂ ಬೆಳಕು ಬೇಕು ಎಂದು ಭಾವಿಸುತ್ತದೆ. ಕಪ್ಪನ್ನು ಬೂದು ಮಾಡಲು ಹೋಗಿ ಮುಖವನ್ನು ಸುಣ್ಣ ಮಾಡುತ್ತದೆ. ಬಿಳಿ ಉಡುಪಿನ ಮದುಮಗಳು ಒಬ್ಬಳೇ ನಿಂತರೆ ಇದು ಉಲ್ಟಾ, ಮುಖ ಕಪ್ಪಾಗುತ್ತದೆ. ಫ್ಲಾಶಿನಲ್ಲಿ ಅಧಿಕ, ಉಣ ಎಂದು ಗುರುತಿರುವ ಒಂದು ಗುಂಡಿ ಇದೆ. ಕಪ್ಪು ಜಾಸ್ತಿ ಇದ್ದಾಗ ಒಂದು ಮೆಟ್ಟಿಲು ಇಳಿಸು, ಬಿಳಿ ಜಾಸ್ತಿ ಇದ್ದಾಗ ಏರಿಸು ಎಂದರು. ಎರಡು ವರ್ಷದಿಂದ ನನ್ನ ಕೈಯೇ ಸರಿಯಿಲ್ಲ ಎಂದುಕೊಂಡಿದ್ದೆ. ಆ ದಿನ ಬಸ್ಸಿನಲ್ಲಿ ಸಿದ್ದಕಟ್ಟೆ ದಾಟುವವರೆಗೂ ಅದನ್ನೇ ಯೋಚಿಸುತ್ತಿದ್ದೆ.

ಮದುವೆಯ ಮುನ್ನಾ ದಿನ ಮೆಹಂದಿ. ನಾವು ಮಧ್ಯಾಹ್ನವೇ ಪುಂಜಾಲಕಟ್ಟೆ ದಾಟಿ ಮಡಂತ್ಯಾರು ತಲುಪಿದೆವು. ಚಿಕ್ಕಮ್ಮನ ಮನೆಯ ಒಳಗೆ ಕಾಲಿಟ್ಟು ತಲೆ ಎತ್ತಿದಾಗ ಮೂಡುಬಿದಿರೆಯವರ ಪ್ರಶ್ನೆ ಅರ್ಥವಾಯಿತು. ಮಂಗಳೂರು ಹೆಂಚಿನ ಮಾಡು. ಎತ್ತರದ ಇಳಿಜಾರು, ಕಪ್ಪು ಪಕ್ಕಾಸು, ಒಲೆಯ ಹೊಗೆಗೆ ಬಣ್ಣ ತಿರುಗಿದ ಹೆಂಚು. ಪರೀಕ್ಷೆಗೆಂದು ಮೇಲಕ್ಕೆ ಹೊಡೆದೆ. ಅರ್ಧಕ್ಕರ್ಧ ಬೆಳಕು ಅಲ್ಲೇ ಉಳಿಯಿತು, ಇಳಿದು ಬಂದದ್ದು ಇಟ್ಟಿಗೆ ಬಣ್ಣದ್ದು. ಸರಿ, ಪಕ್ಕದ ಗೋಡೆಗೆ ಹೊಡೆದೆ. ಗೋಡೆಗೆ ಹಸಿರು ಪೈಂಟ್. ಮದುಮಗಳು ಕಾಮಾಲೆ ಹಿಡಿದವಳ ಹಾಗೆ ಬಂದಳು. ಫೋಟೊ ನೋಡಿ ಅವಳೇ ಕಿರುಚಿದಳು. ಬೆಳಕು ತಾನು ಮುಟ್ಟಿದ್ದರ ಬಣ್ಣವನ್ನು ಹೊತ್ತುಕೊಂಡು ಬರುತ್ತದೆ. ಸ್ಟುಡಿಯೊದ ಬಿಳಿ ಸೀಲಿಂಗಿನಲ್ಲಿ ಕಲಿತದ್ದು ನಮ್ಮ ಮನೆಗಳಿಗೆ ಹಾಗೆಯೇ ಹೊಂದುವುದಿಲ್ಲ.

ಆಗ ಉಮ್ಮ ಒಂದು ಉಪಾಯ ಹೇಳಿದರು. ಅವರಿಗೆ ಫ್ಲಾಶಿನ ಬಗ್ಗೆ ಏನೂ ಗೊತ್ತಿಲ್ಲ, ‘ಬಿಳಿ ಗೋಡೆ ಬೇಕಾದರೆ ಬಿಳಿ ಬೆಡ್‌ಶೀಟ್ ಕಟ್ಟು’ ಅಂದರು, ಅಷ್ಟೆ. ಅಜ್ಜಿಯ ಪೆಟ್ಟಿಗೆಯಿಂದ ದೊಡ್ಡ ಬಿಳಿ ಬೆಡ್‌ಶೀಟ್ ತೆಗೆದು ಹಸಿರು ಗೋಡೆಗೆ ಎರಡು ಮೊಳೆಯಲ್ಲಿ ಇಳಿಬಿಟ್ಟೆವು. ಫ್ಲಾಶಿನ ಕುತ್ತಿಗೆಯನ್ನು ಪೂರ್ತಿ ಅದರ ಕಡೆಗೆ ತಿರುಗಿಸಿದೆ. ಐಎಸ್‌ಒ 800, ಲೆನ್ಸ್ ಎಫ್ 4. ಮೆಹಂದಿ ಹಾಕಿದ ಕೈ, ಅದರ ಹಿಂದೆ ಮುಖ, ಅದರ ಹಿಂದೆ ಹಾಡುತ್ತಾ ಕುಳಿತವರು ಎಲ್ಲರೂ ಕಂಡರು. ಶಟರನ್ನು ಸೆಕೆಂಡಿನ 30ರ ಒಂದು ಪಾಲಿಗೆ ಇಳಿಸಿದರೆ ಹಿಂದಿನ ಹಳದಿ ಬಲ್ಬಿನ ಬೆಳಕೂ ಉಳಿಯುತ್ತದೆ. ಎದುರಿನವರನ್ನು ಫ್ಲಾಶ್ ನೋಡಿಕೊಳ್ಳುತ್ತದೆ, ಮನೆಯನ್ನು ಶಟರ್ ನೋಡಿಕೊಳ್ಳುತ್ತದೆ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಮನೆಯಲ್ಲಿ ಬೆಕ್ಕಿನ ಫೋಟೊ ತೆಗೆದು ತೆಗೆದು ಕಂಡುಕೊಂಡದ್ದು.

ಎಲ್ಲರೂ ಫೋಟೊಕ್ಕೆ ಒಪ್ಪಲಿಲ್ಲ. ಮದುಮಗಳ ಗೆಳತಿಯೊಬ್ಬಳು ಕೈ ಅಡ್ಡ ಹಿಡಿದಳು, ನಾನು ಕ್ಯಾಮರಾ ಕೆಳಗಿಳಿಸಿದೆ. ಫ್ಲಾಶ್ ಕೊಂಡ ಮೇಲೆ ನನಗೆ ಒಂದು ವಿಷಯ ಸಮಾಧಾನ ತಂದಿದೆ. ಮೊಬೈಲಿನಲ್ಲಿ ಯಾರು ಯಾವಾಗ ಯಾರ ಫೋಟೊ ತೆಗೆದರು ಎಂದು ಗೊತ್ತೇ ಆಗುವುದಿಲ್ಲ, ನಮ್ಮ ಹೆಂಗಸರಿಗೆ ಇರುವ ಹೆದರಿಕೆಯೂ ಅದೇ. ಫ್ಲಾಶ್ ಕದ್ದು ತೆಗೆಯಲಾರದು. ಹೊಡೆದರೆ ಕೋಣೆಗೆ ಕೋಣೆಯೇ ತಿರುಗಿ ನೋಡುತ್ತದೆ, ಬೇಡದವರು ಬೇಡ ಎನ್ನುತ್ತಾರೆ, ಅವರೆದುರೇ ಅಳಿಸಿಬಿಡಬಹುದು. ಕಾರ್ಡನ್ನು ರಾತ್ರಿ ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಒಪ್ಪಿದ ಫೋಟೊ ಮಾತ್ರ ಮನೆಯವರಿಗೆ ಹೋಯಿತು.

ಮಾರನೇ ದಿನದ ಮದುವೆಯ ಹಾಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೇಲೆ ತಗಡಿನ ಶೀಟು, ಅದರ ಕೆಳಗೆ ಗುಲಾಬಿ ಬಟ್ಟೆ. ಬೆಡ್‌ಶೀಟ್ ಕಟ್ಟಲು ಜಾಗವಿಲ್ಲ. ಒಂದು ಥರ್ಮೋಕೋಲ್ ಹಾಳೆಯನ್ನು ಚಿಕ್ಕಮ್ಮನ ಮಗಳಿಗೆ ಹಿಡಿಸಿಕೊಂಡು ತಿರುಗಿದೆ. ಅವಳು ಬಿರಿಯಾನಿಗೆ ಓಡಿಹೋದ ಅರ್ಧ ಗಂಟೆ ನೇರವಾಗಿ ಹೊಡೆದ ಫೋಟೊಗಳು ಅಕ್ಕನ ಮದುವೆಯ ಹಾಗೆಯೇ ಇವೆ, ನೆರಳಿನ ಸಮೇತ. ಬುರ್ಖಾದವರ ಸಾಲಿಗೆ ಒಂದು ಮೆಟ್ಟಿಲು ಇಳಿಸುವುದನ್ನು ಮಾತ್ರ ಮರೆಯಲಿಲ್ಲ. ಸುಣ್ಣದ ಮುಖ ಈ ಸಲ ಇಲ್ಲ.

ಹೇಳಬೇಕಾದದ್ದು ಮೆಹಂದಿಯ ರಾತ್ರಿಯದು. ಅಜ್ಜಿಗೆ ಹೋದ ವರ್ಷ ಕಣ್ಣಿನ ಪೊರೆಯ ಆಪರೇಷನ್ ಆಗಿದೆ. ಅಂದಿನಿಂದ ಜೋರು ಬೆಳಕು ಎಂದರೆ ಆಗುವುದಿಲ್ಲ. ‘ನನಗೆ ಆ ಮಿಂಚು ಹೊಡೆಯಬೇಡ’ ಎಂದು ಮೊದಲೇ ಹೇಳಿ, ಒಳಕೋಣೆಯ ಮಂಚದ ತುದಿಯಲ್ಲಿ ಅಡಿಕೆ ಕತ್ತರಿಸುತ್ತಾ ಕುಳಿತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಗದ್ದಲ ಕಡಿಮೆಯಾದಾಗ ಅವರೇ ಕರೆದು, ‘ನಿನ್ನ ಉಪ್ಪನಿಗೆ ಕಳಿಸಲು ಒಂದು ತೆಗೆ’ ಅಂದರು. ಶಾಲನ್ನು ಸರಿ ಮಾಡಿಕೊಂಡರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು, ಮಿಂಚಿಗೆ ತಯಾರಾಗಿ.

ಬೆಡ್‌ಶೀಟನ್ನು ಬಿಚ್ಚಿ ತಂದು ಅವರ ಮಂಚದ ಎದುರು ಪಕ್ಕಕ್ಕೆ ಬಾಗಿಲಿಗೆ ಸಿಕ್ಕಿಸಿದೆ. ಫ್ಲಾಶಿನ ಮುಖವನ್ನು ಪೂರ್ತಿ ಹಿಂದಕ್ಕೆ, ಅಜ್ಜಿಗೆ ಬೆನ್ನು ಹಾಕುವ ಹಾಗೆ ತಿರುಗಿಸಿದೆ. ಸುಮ್ಮನೆ ಮಾತಾಡಿಸುತ್ತಾ ಕಾದೆ. ಇನ್ನೂ ಹೊಡೆದಿಲ್ಲವಲ್ಲ ಎಂದು ನೋಡಲು ಅವರು ಕಣ್ಣು ತೆರೆದರು. ಆಗ ಒತ್ತಿದೆ. ಬಾಗಿಲ ಕಡೆಯಿಂದ ಕೋಣೆಗೆಲ್ಲ ಬೆಳಕು ಬಂದು ಹೋಯಿತು.

‘ಲೈಟ್ ಹಾಕಿದ್ದು ಯಾರು?’ ಎಂದು ಕೇಳಿದರು ಅಜ್ಜಿ.

ಆ ಒಂದು ಫೋಟೊವನ್ನು ಅಜ್ಜಿಯ ಅನುಮತಿ ಇದ್ದುದರಿಂದ ಆಗಲೇ ಉಪ್ಪನಿಗೆ ಕಳಿಸಿದೆ. ಜುಬೈಲಿನಲ್ಲಿ ಆಗ ರಾತ್ರಿ ಎಂಟರ ಹತ್ತಿರ, ಡ್ಯೂಟಿ ಮುಗಿಯುವ ಹೊತ್ತು. ಎರಡು ನೀಲಿ ಗುರುತು ಬಂತು. ತುಂಬಾ ಹೊತ್ತು ಏನೂ ಬರಲಿಲ್ಲ. ಆಮೇಲೆ ಫೋನೇ ಬಂತು. ಅಜ್ಜಿಯ ಕೈಗೆ ಕೊಡು ಎಂದರು. ಅವರಿಬ್ಬರೂ ಏನು ಮಾತಾಡಿದರೋ, ಅಜ್ಜಿ ಎರಡು ಸಲ ‘ಹೂಂ’ ಅಂದರು, ಒಂದು ಸಲ ನಕ್ಕರು. ಫೋನ್ ನನ್ನ ಕೈಗೆ ವಾಪಸ್ ಬಂದಾಗ ಉಪ್ಪ ಫೋಟೊವನ್ನು ಇನ್ನೂ ದೊಡ್ಡದು ಮಾಡಿ ನೋಡುತ್ತಿದ್ದರು ಎಂದು ಕಾಣುತ್ತದೆ.

‘ಅಲಿಕತ್ತ್ ಎಡಗಿವಿಯದು ಒಂದು ಬಿದ್ದುಹೋಗಿದೆಯಲ್ಲ,’ ಅಂದರು. ‘ಯಾವಾಗ ಬಿತ್ತು?’

ನಾವು ಯಾರೂ ನೋಡಿರಲಿಲ್ಲ.